ಅಡುಗೆ ಉಪ್ಪಿನಲ್ಲಿ ‘ಸಿಡಿಯುವ ಲೋಹ’ ಇದೆಯೇ? ಇಲ್ಲಿದೆ ಲೆಕ್ಕ

‘ಸೋಡಿಯಂ ನೀರಿಗೆ ಬಿದ್ದರೆ ಸಿಡಿಯುತ್ತದೆ. ಕ್ಲೋರಿನ್ ವಿಷಾನಿಲ. ಉಪ್ಪು ಇವೆರಡರ ಮಿಶ್ರಣ. ಹಾಗಾದರೆ ನಾವು ದಿನಾ ತಿನ್ನುವುದು ವಿಷವೇ?’ ಇಂಥ ವಾದ ನೀವೂ ಕೇಳಿರಬಹುದು. ಇದರಲ್ಲಿ ಮೊದಲ ಎರಡು ಮಾತು ನಿಜ. ಮೂರನೆಯದು ತಪ್ಪು. ಉಪ್ಪು ಮಿಶ್ರಣವಲ್ಲ, ಸಂಯುಕ್ತ. ವ್ಯತ್ಯಾಸ ಇರುವುದು ಒಂದೇ ಒಂದು ಎಲೆಕ್ಟ್ರಾನ್‌ನಲ್ಲಿ.

ಸೆಳೆತ ಮತ್ತು ಮರೆ

ಪರಮಾಣುವಿನ ನ್ಯೂಕ್ಲಿಯಸ್‌ನಲ್ಲಿರುವ ಪ್ರೋಟಾನ್‌ಗಳು ಎಲೆಕ್ಟ್ರಾನ್‌ಗಳನ್ನು ಸೆಳೆಯುತ್ತವೆ. ಆದರೆ ಎಲೆಕ್ಟ್ರಾನ್‌ಗಳು ಒಂದನ್ನೊಂದು ದೂಡುತ್ತವೆ. ಹಾಗಾಗಿ ಒಳಗಿನ ಕವಚದ ಎಲೆಕ್ಟ್ರಾನ್‌ಗಳು ಅಡ್ಡ ನಿಂತಂತಾಗಿ, ಹೊರಗಿನವಕ್ಕೆ ಪೂರ್ತಿ ಸೆಳೆತ ಸಿಗುವುದಿಲ್ಲ. ಜಾತ್ರೆಯಲ್ಲಿ ಮುಂದೆ ನಿಂತವರಿಂದ ಹಿಂದಿನವರಿಗೆ ತೇರು ಮರೆಯಾಗುವ ಹಾಗೆ. ಇದಕ್ಕೆ ಶೀಲ್ಡಿಂಗ್ ಎನ್ನುತ್ತಾರೆ. ಪ್ರೋಟಾನ್‌ಗಳ ಸಂಖ್ಯೆಯಿಂದ ಈ ಮರೆಯನ್ನು ಕಳೆದರೆ ಉಳಿಯುವುದೇ ಪರಿಣಾಮಕಾರಿ ನ್ಯೂಕ್ಲಿಯರ್ ಆವೇಶ.

ಲೆಕ್ಕ ಹಾಕುವುದು ಹೇಗೆ?

ಅಮೆರಿಕದ ಭೌತವಿಜ್ಞಾನಿ ಜಾನ್ ಸ್ಲೇಟರ್ 1930ರಲ್ಲಿ ಒಂದು ಅಂದಾಜು ಸೂತ್ರ ಕೊಟ್ಟರು. ಸೋಡಿಯಂ, ಕ್ಲೋರಿನ್‌ಗಳ ಹೊರಕವಚದ ಒಂದು ಎಲೆಕ್ಟ್ರಾನ್‌ಗೆ ಎಷ್ಟು ಮರೆ ಎಂಬುದನ್ನು ಹೀಗೆ ಕೂಡಬೇಕು:

• ಅದೇ ಕವಚದ ಉಳಿದ ಪ್ರತಿ ಎಲೆಕ್ಟ್ರಾನ್‌ಗೆ 0.35
• ಅದಕ್ಕಿಂತ ಒಂದು ಕವಚ ಒಳಗಿನ ಪ್ರತಿ ಎಲೆಕ್ಟ್ರಾನ್‌ಗೆ 0.85
• ಇನ್ನೂ ಒಳಗಿನ ಪ್ರತಿ ಎಲೆಕ್ಟ್ರಾನ್‌ಗೆ 1

ಸೋಡಿಯಂ: ಪ್ರೋಟಾನ್ 11, ಎಲೆಕ್ಟ್ರಾನ್‌ಗಳು 2, 8, 1.
ಮರೆ: (8 × 0.85) + (2 × 1) = 8.8
ಉಳಿದದ್ದು: 11 – 8.8 = 2.2

ಕ್ಲೋರಿನ್: ಪ್ರೋಟಾನ್ 17, ಎಲೆಕ್ಟ್ರಾನ್‌ಗಳು 2, 8, 7.
ಮರೆ: (6 × 0.35) + (8 × 0.85) + (2 × 1) = 10.9
ಉಳಿದದ್ದು: 17 – 10.9 = 6.1

ಅಂದರೆ ಸೋಡಿಯಂನ ಕೊನೆಯ ಎಲೆಕ್ಟ್ರಾನ್ ಮೇಲಿನ ಹಿಡಿತ ಬಲು ಸಡಿಲ. ನೀರು ಸಿಕ್ಕರೆ ಅದಕ್ಕೇ ಕೊಟ್ಟುಬಿಡುತ್ತದೆ. ಸಿಡಿತಕ್ಕೆ ಕಾರಣ ಇದು. ಕ್ಲೋರಿನ್‌ನ ಸೆಳೆತ ಜೋರು, ಅದರ ಹೊರಕವಚದಲ್ಲಿ ಒಂದು ಜಾಗವೂ ಖಾಲಿ.

ಉಪ್ಪಾದ ಮೇಲೆ ಏನಾಗುತ್ತದೆ?

ಉಪ್ಪಿನಲ್ಲಿ ಸೋಡಿಯಂ ಆ ಎಲೆಕ್ಟ್ರಾನನ್ನು ಆಗಲೇ ಕ್ಲೋರಿನ್‌ಗೆ ಕೊಟ್ಟಾಗಿದೆ. ಈಗ ಅದು 2, 8 ಎಲೆಕ್ಟ್ರಾನ್‌ಗಳ ಅಯಾನ್. ಮರೆ (7 × 0.35) + (2 × 0.85) = 4.15ಕ್ಕೆ ಇಳಿಯುತ್ತದೆ. ಸೆಳೆತ 2.2ರಿಂದ 6.85ಕ್ಕೆ ಏರುತ್ತದೆ. ಅಳತೆಯೂ ಇದನ್ನೇ ಹೇಳುತ್ತದೆ: ಒಂದು ಮೋಲ್ ಸೋಡಿಯಂನಿಂದ ಮೊದಲ ಎಲೆಕ್ಟ್ರಾನ್ ಕೀಳಲು 496 ಕಿಲೋಜೂಲ್ ಸಾಕು, ಎರಡನೆಯದಕ್ಕೆ ಸುಮಾರು 4,562 ಬೇಕು. ಕೊಡಲು ಸಡಿಲವಾದ ಎಲೆಕ್ಟ್ರಾನೇ ಇಲ್ಲದ ಮೇಲೆ ಸಿಡಿಯುವುದು ಎಲ್ಲಿಂದ? ಅದಕ್ಕೇ ಉಪ್ಪು ಸಾರಿನಲ್ಲಿ ಸುಮ್ಮನೆ ಕರಗುತ್ತದೆ.

ಹಾಗಾದರೆ ಎಷ್ಟು ಬೇಕಾದರೂ ತಿನ್ನಬಹುದೇ?

ಇಲ್ಲ. ಉಪ್ಪು ಹೆಚ್ಚಾದರೆ ರಕ್ತದೊತ್ತಡ ಏರುತ್ತದೆ. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ‘ಕೆಮಿಕಲ್’ ಎಂದು ಹೆದರಿ ಸೈಂಧವ ಲವಣಕ್ಕೆ ಬದಲಾದರೂ ಅದರಲ್ಲಿ ಮುಖ್ಯವಾಗಿ ಇರುವುದು ಅದೇ ಸೋಡಿಯಂ ಕ್ಲೋರೈಡ್. ಅದಕ್ಕೆ ಅಯೋಡಿನ್ ಸೇರಿಸಿಲ್ಲದಿದ್ದರೆ, ಗಳಗಂಡ ತಡೆಯುವ ಅಯೋಡಿನ್ ಮಾತ್ರ ಕೈತಪ್ಪುತ್ತದೆ. ಉಪ್ಪಿನ ವಿಷಯದಲ್ಲಿ ನೋಡಬೇಕಾದ್ದು ಪ್ರಮಾಣವನ್ನು, ಸಿಡಿಯುವ ಸೋಡಿಯಂ ಕಥೆಯನ್ನಲ್ಲ.