ಗ್ನುಪ್ಲಾಟ್ ತಂತ್ರಾಂಶದ ಪರಿಷ್ಕರಣ: ಚರಿತ್ರೆಯ ದೃಷ್ಟಿಯಿಂದ ಒಂದು ಪರಿಶೀಲನೆ

ಸಾಧನಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ನಿರ್ಮಾತೃವಿನ ಹೆಸರನ್ನೂ ನಿರ್ಮಾಣದ ವರ್ಷವನ್ನೂ ದಾಖಲಿಸಿ ತೃಪ್ತರಾಗುತ್ತಾರೆ. ಕೆರೆಯನ್ನು ಕಟ್ಟಿಸಿದವನ ಹೆಸರು ಶಾಸನದಲ್ಲಿ ಉಳಿಯುತ್ತದೆ. ಕಾಲಕಾಲಕ್ಕೆ ಹೂಳೆತ್ತಿ ಏರಿಯನ್ನು ಭದ್ರಪಡಿಸಿದವರ ಹೆಸರು ಉಳಿಯುವುದು ವಿರಳ. ಆದರೆ ಕೆರೆಯಲ್ಲಿ ನೀರು ನಿಂತಿರುವುದು ಈ ಎರಡನೆಯವರಿಂದಲೂ ಹೌದು. ಗಣಕಯಂತ್ರಗಳ ಚರಿತ್ರೆಯಲ್ಲಿಯೂ ಇದೇ ನ್ಯೂನತೆ ಕಂಡುಬರುತ್ತದೆ. ಒಂದು ತಂತ್ರಾಂಶವು ಸರ್ವರ ಸ್ವತ್ತಾಗಬೇಕಾದರೆ ಅದನ್ನು ಉಚಿತವಾಗಿ ಹಂಚಿದರೆ ಸಾಲದು. ಅಪರಿಚಿತನೊಬ್ಬನು ಬೇರೊಂದು ಯಂತ್ರದಲ್ಲಿ ಅದನ್ನು ಸಿದ್ಧಪಡಿಸಿಕೊಳ್ಳಲು ಶಕ್ತನಾಗಬೇಕು, ಅದರ ಉಪಯೋಗವನ್ನು ಓದಿ ತಿಳಿಯಲೂ ಶಕ್ತನಾಗಬೇಕು. ಈ ಎರಡು ಕಾರ್ಯಗಳ ಚರಿತ್ರೆಯನ್ನು ಗ್ನುಪ್ಲಾಟ್ ಎಂಬ ಒಂದು ಉದಾಹರಣೆಯ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗಣಿತದ ಸಮೀಕರಣಗಳನ್ನೂ ಪ್ರಯೋಗಗಳಿಂದ ದೊರೆತ ಅಂಕಿಅಂಶಗಳನ್ನೂ ರೇಖಾಚಿತ್ರಗಳಾಗಿ ಬರೆದುಕೊಡುವುದು ಗ್ನುಪ್ಲಾಟಿನ ಕೆಲಸ. 1986ರಲ್ಲಿ ಥಾಮಸ್ ವಿಲಿಯಮ್ಸ್ ಮತ್ತು ಕಾಲಿನ್ ಕೆಲ್ಲಿ ಎಂಬ ಇಬ್ಬರು ಇದನ್ನು ಅಮೆರಿಕದಲ್ಲಿ ಸಿ ಭಾಷೆಯಲ್ಲಿ ರಚಿಸಿದರು. ಆಗ ವಿಲಿಯಮ್ಸರು ಅವಕಲ ಸಮೀಕರಣಗಳನ್ನೂ ಕೆಲ್ಲಿಯವರು ವಿದ್ಯುತ್ಕಾಂತ ಶಾಸ್ತ್ರವನ್ನೂ ಅಭ್ಯಸಿಸುತ್ತಿದ್ದರು. ತಾವು ಕಲಿಯುತ್ತಿದ್ದ ಗಣಿತವನ್ನು ಕಣ್ಣಿಗೆ ಕಾಣುವಂತೆ ಮಾಡಿಕೊಳ್ಳಬೇಕೆಂಬುದೇ ಅವರ ಮೂಲ ಪ್ರೇರಣೆ. ಹೆಸರಿನ ಸಾಮ್ಯದಿಂದ ಇದನ್ನು ಗ್ನು ಯೋಜನೆಯ ಕೃತಿಯೆಂದು ಹಲವರು ಭಾವಿಸುವುದುಂಟು. ಅದು ಸರಿಯಲ್ಲ. ‘ನ್ಯೂಪ್ಲಾಟ್’ ಎಂದು ಇಡಬೇಕೆಂದಿದ್ದ ಹೆಸರನ್ನು ಶ್ಲೇಷೆಯಿಂದ ತಿರುಗಿಸಿದುದರ ಫಲ ಈ ನಾಮಧೇಯ.

ಸಿ ಭಾಷೆಯಲ್ಲಿ ಬರೆದುದನ್ನು ಯಂತ್ರವು ನೇರವಾಗಿ ಗ್ರಹಿಸಲಾರದು; ಕಂಪೈಲರ್ ಎಂಬ ಮತ್ತೊಂದು ತಂತ್ರಾಂಶವು ಅದನ್ನು ಆಯಾ ಯಂತ್ರದ ಸಂಕೇತಗಳಿಗೆ ಪರಿವರ್ತಿಸಬೇಕು. ಭಾಷೆ ಒಂದೇ ಆದರೂ ಯಂತ್ರಗಳು ಒಂದೇ ಬಗೆಯವಾಗಿರಲಿಲ್ಲ. ಯುನಿಕ್ಸ್, ವ್ಯಾಕ್ಸ್ ಯಂತ್ರಗಳ ವಿಎಂಎಸ್, ಸಣ್ಣ ಗಣಕಯಂತ್ರಗಳ ಎಂಎಸ್-ಡಾಸ್ ಎಂಬ ವ್ಯವಸ್ಥೆಗಳು ಆಗ ಏಕಕಾಲದಲ್ಲಿ ಬಳಕೆಯಲ್ಲಿದ್ದವು. ವ್ಯಾಕ್ಸಿನಲ್ಲಿ ಸಾಮಾನ್ಯ ಪೂರ್ಣಾಂಕವೊಂದಕ್ಕೆ 32 ಬಿಟ್‌ಗಳ ಅವಕಾಶವಿದ್ದರೆ, ಡಾಸ್‌ಗಾಗಿ ಇದ್ದ ಅಂದಿನ ಕಂಪೈಲರುಗಳಲ್ಲಿ 16 ಬಿಟ್‌ಗಳು ಮಾತ್ರ. ಆದುದರಿಂದ ಒಂದೆಡೆ ಸರಿಯಾಗಿ ನಡೆದ ಎಣಿಕೆಯು ಮತ್ತೊಂದೆಡೆ 32,767ನ್ನು ದಾಟಿದೊಡನೆ ಕೆಡುತ್ತಿತ್ತು. ಡಾಸ್‌ನ ಸ್ಮೃತಿಯಾದರೋ 65,536 ಬೈಟ್‌ಗಳ ಖಂಡಗಳಾಗಿ ವಿಭಾಗಗೊಂಡಿತ್ತು. ಇಷ್ಟು ಸಾಲದೆಂಬಂತೆ, 1989ರಲ್ಲಿ ಸಿ ಭಾಷೆಗೆ ಅಮೆರಿಕದಲ್ಲಿ ಮಾನಕ ರೂಪವು ಅಂಗೀಕೃತವಾದಾಗ, ಹೊಸ ರೀತಿಯ ಬರವಣಿಗೆಯನ್ನು ಹಳೆಯ ಕಂಪೈಲರುಗಳು ಅರ್ಥಮಾಡಿಕೊಳ್ಳಲಾರದೆ ಹೋದವು.

ಈ ತೊಡಕುಗಳಿಗೆ ದೊರೆತ ಪರಿಹಾರಗಳು ಒಬ್ಬರ ಬುದ್ಧಿಯಿಂದ ಒಮ್ಮೆಗೇ ಹುಟ್ಟಿದವಲ್ಲ. ಮೊದಲು ಪ್ರತಿಯೊಂದು ವ್ಯವಸ್ಥೆಗೂ ಬೇರೆ ಬೇರೆ ಮೇಕ್‌ಫೈಲ್, ಅಂದರೆ ಯಾವ ಕಡತವನ್ನು ಯಾವ ಕ್ರಮದಲ್ಲಿ ಪರಿವರ್ತಿಸಬೇಕೆಂಬ ಸೂಚನಾಪಟ್ಟಿ, ಸಿದ್ಧವಾಯಿತು. ಹೊಸ ಸಿ ಬರವಣಿಗೆಯನ್ನು ಹಳೆಯ ರೀತಿಗೆ ತಿರುಗಿಸುವ ಸಣ್ಣ ಪರಿವರ್ತಕವೊಂದನ್ನು ಮೂಲದೊಡನೆಯೇ ಹಂಚಲಾಯಿತು. ಪರದೆ, ಮುದ್ರಣಯಂತ್ರ ಮೊದಲಾದ ಸಾಧನಗಳಿಗೆ ಸಂಬಂಧಿಸಿದ ಭಾಗಗಳನ್ನು ಪ್ರತ್ಯೇಕ ಕಡತಗಳಲ್ಲಿರಿಸಿದುದರಿಂದ, ಹೊಸ ಸಾಧನವೊಂದು ಬಂದಾಗ ಇಡೀ ಕೃತಿಯನ್ನು ಕೆದಕಬೇಕಾದ ಅಗತ್ಯ ತಪ್ಪಿತು. ಮುಂದೆ ‘ಕಾನ್ಫಿಗರ್’ ಎಂಬ ಪರೀಕ್ಷಾಕ್ರಮವು ಬಂದು, ಯುನಿಕ್ಸ್ ಬಗೆಯ ಯಂತ್ರದಲ್ಲಿ ಏನಿದೆ, ಏನಿಲ್ಲ ಎಂಬುದನ್ನು ತಾನೇ ವಿಚಾರಿಸಿ ಸೂಚನಾಪಟ್ಟಿಯನ್ನು ರಚಿಸತೊಡಗಿತು.

ಕೈಪಿಡಿಯ ಸಮಸ್ಯೆಯು ಇದಕ್ಕಿಂತ ಕಡಮೆಯದಲ್ಲ. ವಿಎಂಎಸ್‌ನಲ್ಲಿ ಸಹಾಯಪಾಠಗಳಿಗೆ ಅದರದೇ ಆದ ಭಂಡಾರವಿತ್ತು. ಇತರ ವ್ಯವಸ್ಥೆಗಳಲ್ಲಿ ಬೇರೆ ರೂಪ ಬೇಕಾಗಿತ್ತು. ಅಚ್ಚಿಗೆ ಟೆಕ್ ಎಂಬ ಮುದ್ರಣ ವ್ಯವಸ್ಥೆಗೆ ಒಪ್ಪುವ ಪ್ರತಿ ಬೇಕಾಗಿತ್ತು. ಪ್ರತಿಯೊಂದನ್ನೂ ಬೇರೆ ಬೇರೆ ಬರೆದಿದ್ದರೆ ಏನಾಗುತ್ತಿತ್ತೆಂಬುದನ್ನು ಹಸ್ತಪ್ರತಿಗಳ ಅಭ್ಯಾಸವುಳ್ಳವರಿಗೆ ವಿವರಿಸಬೇಕಾಗಿಲ್ಲ: ಕೆಲವೇ ವರ್ಷಗಳಲ್ಲಿ ಪಾಠಾಂತರಗಳು ಬೆಳೆದು, ಯಾವುದು ಪ್ರಮಾಣವೆಂಬ ಪ್ರಶ್ನೆ ಏಳುತ್ತಿತ್ತು. ಗ್ನುಪ್ಲಾಟಿನವರು ಒಂದೇ ಮೂಲಪ್ರತಿಯನ್ನು ಇರಿಸಿಕೊಂಡರು. ಅದರಲ್ಲಿ ಪ್ರತಿ ಸಾಲಿನ ಮೊದಲ ಚಿಹ್ನೆಯೇ ಆ ಸಾಲಿನ ಸ್ವರೂಪವನ್ನು ಸೂಚಿಸುತ್ತದೆ: ಅಂಕಿಯಿದ್ದರೆ ಅಧ್ಯಾಯದ ಮಟ್ಟ, ಪ್ರಶ್ನಾರ್ಥಕ ಚಿಹ್ನೆಯಿದ್ದರೆ ಹುಡುಕುವ ಪದ, ತೆರಪಿದ್ದರೆ ಸಾಮಾನ್ಯ ಪಾಠ. ಈ ಒಂದು ಮೂಲದಿಂದ ಇತರ ರೂಪಗಳೆಲ್ಲವನ್ನೂ ಸಣ್ಣ ಪರಿವರ್ತಕಗಳು ತೆಗೆದುಕೊಡುತ್ತವೆ. ಅಂತೆಯೇ, ಒಂದು ಸಾಧನಕ್ಕೆ ಸಂಬಂಧಿಸಿದ ವಿವರಣೆಯನ್ನು ಆ ಸಾಧನದ ಕಡತದಲ್ಲಿಯೇ ಇರಿಸಲಾಯಿತು. ತನ್ಮೂಲಕ ಕೃತಿಯನ್ನು ತಿದ್ದುವವನ ಕಣ್ಣಿಗೆ ಅದರ ವಿವರಣೆಯೂ ಬೀಳುವಂತಾಯಿತು.

ತಿದ್ದುಪಡಿಗಳ ಬಗೆಗೆ ಈ ತಂತ್ರಾಂಶದ ಪರವಾನಗಿಯಲ್ಲಿರುವ ನಿಯಮವೂ ಗಮನಾರ್ಹವಾದುದು. ಯಾರು ಬೇಕಾದರೂ ಮೂಲವನ್ನು ತಿದ್ದಬಹುದು. ಆದರೆ ತಿದ್ದಿದ ಮೂಲವನ್ನು ಇಡಿಯಾಗಿ ಹಂಚುವ ಹಕ್ಕಿಲ್ಲ. ತಿದ್ದುಪಡಿಯನ್ನು ಪ್ಯಾಚ್, ಅಂದರೆ ತೇಪೆಯ ರೂಪದಲ್ಲಿ ಮೂಲದಿಂದ ಬೇರೆಯಾಗಿಯೇ ಕೊಡಬೇಕು. ತಿದ್ದಿದ ಮೂಲದಿಂದ ಸಿದ್ಧಪಡಿಸಿದ ತಂತ್ರಾಂಶವನ್ನು ಹಂಚುವವನು ತನ್ನ ಹೆಸರು ವಿಳಾಸಗಳನ್ನೂ ನೀಡಿ, ಅದರ ಬಗೆಗಿನ ಪ್ರಶ್ನೆಗಳಿಗೆ ತಾನೇ ಹೊಣೆಯಾಗಬೇಕು. ಇದು ಸ್ವಾತಂತ್ರ್ಯಕ್ಕೆ ಅಡ್ಡಿಯೆಂದು ಆಕ್ಷೇಪಿಸುವವರುಂಟು. ಆ ಆಕ್ಷೇಪವು ನಿರಾಧಾರವೂ ಅಲ್ಲ. ಆದರೆ ಮೂಲಪಾಠವನ್ನೂ ಸಂಪಾದಕನ ತಿದ್ದುಪಡಿಯನ್ನೂ ಬೆರೆಸಬಾರದೆಂಬ ಗ್ರಂಥಸಂಪಾದನೆಯ ತತ್ವವೇ ಇಲ್ಲಿಯೂ ಕಾಣುತ್ತದೆಂಬುದನ್ನು ಒಪ್ಪಬೇಕು.

ಇವೆಲ್ಲ ಕುಶಲಕರ್ಮಿಯ ಸಣ್ಣಪುಟ್ಟ ಕೆಲಸಗಳು, ಚರಿತ್ರೆಗೆ ಇವುಗಳಿಂದ ಪ್ರಯೋಜನವೇನು ಎಂದು ಕೇಳಬಹುದು. ನಮಗೆ ಹತ್ತಿರವಾದ ಒಂದು ನಿದರ್ಶನವೇ ಇದಕ್ಕೆ ಉತ್ತರ. ರೇಖಾಚಿತ್ರದ ಅಂಚಿನಲ್ಲಿ ಕನ್ನಡದ ಶೀರ್ಷಿಕೆ ಬೇಕೆಂದರೆ, ಅಕ್ಷರಗಳನ್ನು ಒಂದರ ಬಳಿಯಲ್ಲೊಂದು ಜೋಡಿಸಿದರೆ ಸಾಲದು. ಒತ್ತಕ್ಷರ ಗುಣಿತಾಕ್ಷರಗಳು ತಮ್ಮ ಸ್ಥಾನದಲ್ಲಿ ಕೂಡಬೇಕು. ಕೈರೋ ಮತ್ತು ಪ್ಯಾಂಗೋ ಎಂಬ ಸಹಾಯಕ ಸಂಗ್ರಹಗಳನ್ನು ಬಳಸುವ ಗ್ನುಪ್ಲಾಟಿನ ಭಾಗಗಳು, ತಕ್ಕ ಅಕ್ಷರಮಾದರಿಯಿದ್ದರೆ, ಇದನ್ನು ಮಾಡಬಲ್ಲವು. ಆದರೆ ಕಂಪೈಲ್ ಮಾಡುವ ವೇಳೆಯಲ್ಲಿ ಆ ಸಂಗ್ರಹಗಳು ದೊರೆಯದಿದ್ದರೆ ಕಾನ್ಫಿಗರ್ ಆ ಭಾಗಗಳನ್ನು ಬಿಟ್ಟು ಮುಂದೆ ಸಾಗುತ್ತದೆ. ಹೀಗೆ ಸಿದ್ಧವಾದ ತಂತ್ರಾಂಶವನ್ನು ಪಡೆದ ವಿದ್ಯಾರ್ಥಿಯು, ಗ್ನುಪ್ಲಾಟಿಗೆ ಕನ್ನಡ ಬಾರದೆಂದೇ ತಿಳಿಯುತ್ತಾನೆ. ಕೊರತೆಯಿರುವುದು ಕೃತಿಯಲ್ಲಿ ಅಲ್ಲ, ಅದನ್ನು ಸಿದ್ಧಪಡಿಸಿದ ರೀತಿಯಲ್ಲಿ. ಇದನ್ನು ಅವನಿಗೆ ತಿಳಿಸಬಲ್ಲುದು ಕೈಪಿಡಿಯೊಂದೇ.

ಗ್ನುಪ್ಲಾಟನ್ನು ತೆರೆದೊಡನೆ ಪರದೆಯ ಮೇಲೆ ಹಕ್ಕುಸ್ವಾಮ್ಯದ ಸಾಲೊಂದು ಮೂಡುತ್ತದೆ. ಅದರಲ್ಲಿ ವಿಲಿಯಮ್ಸ್, ಕೆಲ್ಲಿ ಎಂಬ ಹೆಸರುಗಳ ತರುವಾಯ ‘ಮತ್ತು ಇತರ ಅನೇಕರು’ ಎಂಬರ್ಥದ ಮಾತಿದೆ. 1986ರ ಕೃತಿಯು ವ್ಯಾಕ್ಸ್ ಯಂತ್ರಗಳೂ ಡಾಸ್ ವ್ಯವಸ್ಥೆಯೂ ಸಾಮಾನ್ಯ ಬಳಕೆಯಿಂದ ಮರೆಯಾದ ಮೇಲೆಯೂ ಬದುಕಿರುವುದು ಈ ಇತರರ ಪರಿಶ್ರಮದಿಂದ. ಇವರ ಕಾರ್ಯಕ್ಕೆ ಸಾಕ್ಷಿಯಾಗಿ ತೇಪೆಗಳೂ ಬದಲಾವಣೆಗಳ ದಿನಚರಿಗಳೂ ಉಳಿದಿವೆ. ಶಾಸನಗಳನ್ನೂ ಕಡತಗಳನ್ನೂ ಓದಲು ಕಲಿಸುವ ನಮ್ಮ ವಿಭಾಗಗಳು ಇವುಗಳನ್ನೂ ಚರಿತ್ರೆಯ ಆಕರಗಳೆಂದು ಪರಿಗಣಿಸುವ ಕಾಲ ಬಂದಿದೆ.