ಕತ್ತಲೆಗೂ ಒಂದು ಕಟ್ಟಳೆ

ನಮ್ಮ ಬೀದಿಗೆ ದೀಪ ಹಾಕಿಸಿಕೊಡಿರೆಂದು ಪಂಚಾಯಿತಿಗೆ ಅರ್ಜಿ ಬರೆದವರನ್ನು ವಾಚಕರೆಲ್ಲರೂ ಬಲ್ಲರು. ಇದ್ದ ದೀಪಕ್ಕೆ ಮರೆ ಕಟ್ಟಿಸಿರೆಂದು ಬರೆದವರನ್ನು ಕಂಡವರು ವಿರಳ. ಹಾಗೆ ಬರೆದರೆ ಗುಮಾಸ್ತರು ನಕ್ಕಾರು. ಆದರೂ ಊರಾಳುವ ಸಭೆಗಳೇ ಬೆಳಕಿಗೆ ಎಲ್ಲೆ ಕಟ್ಟಿದ್ದುಂಟು. ಅಂಥದೊಂದು ಪ್ರಸಂಗಕ್ಕೆ ನಮ್ಮ ಬೆಂಗಳೂರಿನ ನಂಟೂ ಇದೆ.

ಬೆಳಕು ನಮಗೆ ಸುಲಭವಾಗಿ ಬಂದದ್ದಲ್ಲ. ಕನ್ನಡ ನಾಡಿನ ಹಳೆಯ ಶಾಸನಗಳಲ್ಲಿ ನಂದಾದೀವಿಗೆಗೆ ದತ್ತಿ ಬಿಟ್ಟ ಮಾತು ಮತ್ತೆ ಮತ್ತೆ ಬರುತ್ತದೆ. ಗಾಣವೊಂದಕ್ಕೆ ಇಷ್ಟು ಎಣ್ಣೆಯೆಂದು ತೆಲ್ಲಿಗರು ಕೂಡಿ ಗೊತ್ತುಮಾಡಿ ಕೊಟ್ಟದ್ದು ಕಲ್ಲಿನಲ್ಲಿ ಉಳಿದಿದೆ. ಒಂದು ದೀಪ ಆರದೆ ಉರಿಯಬೇಕಾದರೆ ಇಷ್ಟು ಜನರ ಕೈ ಸೇರಬೇಕಾಗಿತ್ತು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ೧೯೦೫ರ ಆಗಸ್ಟ್ ೫ರಂದು ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಹತ್ತಿತು. ಏಷ್ಯಾಖಂಡಕ್ಕೇ ಇದು ಮೊದಲೆಂದು ಹೆಮ್ಮೆಪಡುವವರುಂಟು. ೧೮೮೨ರಲ್ಲೇ ದೀಪ ಕಂಡ ಶಾಂಘಾಯಿಯವರು ಇದನ್ನು ಒಪ್ಪಲಾರರು; ಅದಂತಿರಲಿ. ಅಂದಿನಿಂದ ಊರಾಡಳಿತದ ಯೋಗ್ಯತೆಯನ್ನು ದೀಪದ ಕಂಬಗಳನ್ನೆಣಿಸಿ ಅಳೆಯುವುದು ನಮಗೆ ರೂಢಿಯಾಯಿತು. ಕರ್ನಾಟಕದ ೧೯೬೪ರ ಪುರಸಭೆಗಳ ಕಾಯಿದೆಯು ಬೀದಿಗೆ ಬೆಳಕು ಒದಗಿಸುವುದನ್ನು ಕಡ್ಡಾಯ ಕರ್ತವ್ಯಗಳ ಸಾಲಿನಲ್ಲಿಯೇ ಇಟ್ಟಿದೆ.

ಇದಕ್ಕೆ ಎದುರಾದ ಮೊದಲ ಮಾತು ಅಮೆರಿಕದ ಫ್ಲಾಗ್‌ಸ್ಟಾಫ್ ಎಂಬ ಊರಿನಿಂದ ಬಂತು. ಅಲ್ಲಿ ೧೮೯೪ರಲ್ಲಿ ಸ್ಥಾಪಿತವಾದ ಲೋವೆಲ್ ವೀಕ್ಷಣಾಲಯವಿದೆ; ಪ್ಲೂಟೋ ೧೯೩೦ರಲ್ಲಿ ಕಣ್ಣಿಗೆ ಬಿದ್ದದ್ದು ಅಲ್ಲಿಯೇ. ಅಂಗಡಿಗೆ ಗಿರಾಕಿಗಳನ್ನು ಸೆಳೆಯಲು ಆಕಾಶಕ್ಕೆ ಪ್ರಖರವಾದ ಶೋಧದೀಪಗಳನ್ನು ಬಿಡುವುದು ಆ ನಾಡಿನ ಚಾಳಿ. ೧೯೫೮ರಲ್ಲಿ ಊರಿನ ನಗರಸಭೆ ಅದನ್ನು ನಿಷೇಧಿಸಿತು. ವ್ಯಾಪಾರದ ಲಾಭ ಒಂದು ಕಡೆ, ನಕ್ಷತ್ರ ಇನ್ನೊಂದು ಕಡೆ. ಸಭೆ ನಕ್ಷತ್ರದ ಪಕ್ಷ ಹಿಡಿಯಿತು.

ನಮ್ಮಲ್ಲಿ ಆದದ್ದು ಬೇರೆ. ನಾವು ಊರನ್ನು ತಿದ್ದಲಿಲ್ಲ, ದೂರದರ್ಶಕವನ್ನೇ ಹೊತ್ತು ನಡೆದೆವು. ವೇಣು ಬಾಪ್ಪು ಅವರು ಕತ್ತಲೆಯನ್ನು ಅರಸಿ ಹೋಗಿ ಜವ್ವಾದಿ ಬೆಟ್ಟಗಳ ಕಾಡಿನ ನಡುವೆ ಕಾವಲೂರನ್ನು ಆರಿಸಿದರು. ಅವರು ೧೯೮೨ರಲ್ಲಿ ತೀರಿಕೊಂಡರು. ಅವರು ಕನಸು ಕಂಡ ೨.೩೪ ಮೀಟರ್ ದೂರದರ್ಶಕ ಅಲ್ಲಿ ೧೯೮೬ರಲ್ಲಿ ಉದ್ಘಾಟನೆಯಾಯಿತು. ಆಮೇಲೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹಿಮಾಲಯದಾಚೆ ಲಡಾಖಿನ ಹಾನ್ಲೆಗೆ, ಸುಮಾರು ೪,೫೦೦ ಮೀಟರ್ ಎತ್ತರಕ್ಕೆ ಏರಿದರು. ಆ ದೂರದರ್ಶಕವನ್ನು ತಿರುಗಿಸುವವರು ಕುಳಿತಿರುವುದು ನಮ್ಮ ಹೊಸಕೋಟೆಯಲ್ಲಿ! ಉಪಗ್ರಹದ ಮೂಲಕ ಅಪ್ಪಣೆ ಹೋಗುತ್ತದೆ. ಬೆಂಗಳೂರಿನ ಬೆಳಕಿನ ಮಗ್ಗುಲಲ್ಲಿ ಕುಳಿತು ಲಡಾಖಿನ ಕತ್ತಲೆಯನ್ನು ನೋಡುವ ಈ ವಿಚಿತ್ರವನ್ನು ನೆನೆದಾಗ ನನಗೆ ನಗೆಯೂ ವಿಷಾದವೂ ಒಟ್ಟಿಗೆ ಬರುತ್ತವೆ.

ಅಷ್ಟು ದೂರ ಓಡಿದ ಮೇಲೂ ಕಟ್ಟಳೆ ಬೇಕಾಯಿತು. ೨೦೨೨ರ ಜೂನ್‌ನಲ್ಲಿ ಖಭೌತ ಸಂಸ್ಥೆ, ಲಡಾಖಿನ ಆಡಳಿತ ಮತ್ತು ಲೇಹ್‌ನ ಚುನಾಯಿತ ಗುಡ್ಡಗಾಡು ಅಭಿವೃದ್ಧಿ ಮಂಡಳಿ ಮೂವರೂ ಒಪ್ಪಂದ ಮಾಡಿಕೊಂಡರು. ಅದೇ ಡಿಸೆಂಬರಿನಲ್ಲಿ ೧,೦೭೩ ಚದರ ಕಿಲೋಮೀಟರ್ ಪ್ರದೇಶವನ್ನು ಕತ್ತಲ ಮೀಸಲೆಂದು ಸಾರಲಾಯಿತು. ದೀಪಗಳಿಗೆ ಮರೆ, ಕಿಟಕಿಗಳಿಗೆ ದಪ್ಪ ಪರದೆ, ರಾತ್ರಿ ಸಂಚರಿಸುವ ವಾಹನಗಳ ಬೆಳಕಿಗೆ ಹತೋಟಿ. ಇಷ್ಟೇ ಆಗಿದ್ದರೆ ಹಳ್ಳಿಗರು ಗೊಣಗುತ್ತಿದ್ದರೇನೋ. ಸುತ್ತಣ ಹಳ್ಳಿಗಳ ೨೪ ಜನರಿಗೆ ತರಬೇತಿಯಿತ್ತು, ಪ್ರವಾಸಿಗಳಿಗೆ ಆಕಾಶ ತೋರಿಸುವಂತೆ ದೂರದರ್ಶಕಗಳನ್ನೂ ಕೊಟ್ಟರು. ಅವರಲ್ಲಿ ಹೆಂಗಸರೇ ಹೆಚ್ಚು. ಕತ್ತಲೆ ಅವರ ಪಾಲಿಗೆ ಒಂದು ಕಸುಬೂ ಆಯಿತು.

ಗಂಗಾವತಿ ತಾಲ್ಲೂಕಿನ ನಮ್ಮ ಶ್ರೀರಾಮನಗರದಲ್ಲಿ ವೀಕ್ಷಣಾಲಯವಿಲ್ಲ, ಭತ್ತದ ಗದ್ದೆಯಿದೆ. ತುಂಗಭದ್ರೆಯ ಕಾಲುವೆ ನೀರನ್ನು ನಂಬಿ ಆಂಧ್ರದಿಂದ ಬಂದು ನೆಲಸಿದ ರೈತರು ಇಲ್ಲಿ ಬಹಳ. ಕಾಂಡಕೊರಕದ ಪತಂಗ ಬೆಳಕಿಗೆ ಮರುಳಾಗಿ ಬರುತ್ತದೆಂದು ಅವರು ಬಲ್ಲರು; ಅದನ್ನು ಹಿಡಿಯಲು ದೀಪದ ಬಲೆಯನ್ನೂ ಇಡುತ್ತಾರೆ. ಹೀಗಿರಲು ಗದ್ದೆಯಂಚಿನಲ್ಲಿ ಇರುಳೆಲ್ಲ ಉರಿಯುವ ಬೋಳು ದೀಪ ಯಾರನ್ನು ಕರೆಯುತ್ತಿದೆ ಎಂಬುದನ್ನು ಅವರಿಗೆ ವಿವರಿಸಬೇಕಾಗಿಲ್ಲ.

ದೀಪ ಕಡಿಮೆ ಮಾಡಿರೆನ್ನುವವನನ್ನು ಗ್ರಾಮಸಭೆಯಲ್ಲಿ ಒಬ್ಬ ತಾಯಿ ಎದ್ದು, ಕತ್ತಲಲ್ಲಿ ಹಾವು ಕಚ್ಚಿದರೆ ನೀನು ಬರುತ್ತೀಯೇನಪ್ಪಾ ಎಂದು ಕೇಳಿದರೆ ಏನು ಉತ್ತರ? ಹೊತ್ತು ಮುಳುಗಿದ ಮೇಲೆ ಕೆಲಸದಿಂದ ಮರಳುವ ಹೆಣ್ಣುಮಕ್ಕಳ ಭಯವೂ ಸುಳ್ಳಲ್ಲ. ಮನೆಯೊಳಗೆ ನಿಶ್ಚಿಂತೆಯಿಂದ ಕುಳಿತವನು ಕತ್ತಲೆಯ ಸೊಬಗನ್ನು ಹೊಗಳುವುದು ಸಲ್ಲದು. ಆದರೆ ನೆಲಕ್ಕೆ ಬೇಕಾದ ಬೆಳಕು ಆಕಾಶಕ್ಕೆ ಹೋದರೆ ಆ ತಾಯಿಗೇನು ದೊರೆತಂತಾಯಿತು? ಮರೆಯಿಲ್ಲದ ದೀಪ ಕಣ್ಣನ್ನು ಕೋರೈಸಿ, ಪಕ್ಕದ ನೆರಳನ್ನು ಇನ್ನಷ್ಟು ಕಪ್ಪಾಗಿಸುತ್ತದೆ. ಈಚೆಗೆ ಬಂದ ಎಲ್‌ಇಡಿ ದೀಪಗಳು ವಿದ್ಯುತ್ತನ್ನು ಉಳಿಸುತ್ತವೆಂಬುದು ನಿಜ. ಅವುಗಳಲ್ಲಿ ನೀಲಿ ಛಾಯೆಯ ಬಿಳಿ ಬೆಳಕಿನವು ಗಾಳಿಯಲ್ಲಿ ಹೆಚ್ಚು ಚೆದರುತ್ತವೆಂಬುದೂ ಅಷ್ಟೇ ನಿಜ. ಬೇಕಾದದ್ದು ದೀಪ ಆರಿಸುವ ಆಜ್ಞೆಯಲ್ಲ. ಮೇಲೊಂದು ತಗಡಿನ ಮುಚ್ಚಳ, ತುಸು ಹಳದಿ ಬಣ್ಣದ ದೀಪ, ನಡುರಾತ್ರಿಯ ನಂತರ ಬೆಳಕನ್ನು ಕೊಂಚ ತಗ್ಗಿಸುವ ಏರ್ಪಾಡು, ಇಷ್ಟು ಸಾಕು.

ನನ್ನ ಬೀದಿಯ ಕಂಬಕ್ಕೆ ಆ ಮುಚ್ಚಳವನ್ನು ಕೇಳಿ ಅರ್ಜಿ ಬರೆದಿಟ್ಟಿದ್ದೇನೆ. ಗುಮಾಸ್ತರು ನಗುವುದಾದರೆ ನಗಲಿ, ಮುಂದಿನ ಗ್ರಾಮಸಭೆಗೆ ಒಯ್ಯುತ್ತೇನೆ.