ಅಕ್ಕಡಿ ಸಾಲು

ನಮ್ಮ ಪಠ್ಯಪುಸ್ತಕಗಳಲ್ಲಿ ರಾಜರು, ಯುದ್ಧಗಳು, ಒಪ್ಪಂದಗಳು ಸಾಲುಗಟ್ಟಿ ನಿಂತಿರುತ್ತವೆ. ಆ ಕಾಲದ ಜನ ಏನು ಉಂಡರು ಎಂಬ ಮಾತು ಮಾತ್ರ ಅಪರೂಪ. ಹಳೇ ಮೈಸೂರು ಸೀಮೆಯ ಮಟ್ಟಿಗೆ ಉತ್ತರ ಸುಲಭ: ರಾಗಿ. ಆದರೆ ಬರೀ ಮುದ್ದೆಯನ್ನು ಯಾರು ತಾನೆ ನುಂಗಿಯಾರು? ಸಾರಿಗೆ ಅವರೆಯೋ ತೊಗರಿಯೋ ಬೇಕು, ಒಗ್ಗರಣೆಗೆ ಸಾಸಿವೆ ಬೇಕು, ಚಟ್ನಿಪುಡಿಗೆ ಹುಚ್ಚೆಳ್ಳು, ದೀಪಕ್ಕೆ ಹರಳೆಣ್ಣೆ. ಇವೆಲ್ಲ ಬಂದದ್ದು ಅದೇ ರಾಗಿ ಹೊಲದ ಅಕ್ಕಡಿ ಸಾಲಿನಿಂದ.

1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ, ಗೆದ್ದ ನಾಡಿನ ಬೆಳೆ ಬದುಕು ನೋಡಿ ಬರಲು ಈಸ್ಟ್ ಇಂಡಿಯಾ ಕಂಪನಿಯವರು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು 1800ರಲ್ಲಿ ಕಳಿಸಿದರು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ, ಕೂರಿಗೆಯಿಂದ ರಾಗಿ ಬಿತ್ತಿ ಜೊತೆಗೆ ಅವರೆ, ತೊಗರಿ ಹಾಕುವ ಪದ್ಧತಿಯ ವಿವರಣೆಯಿದೆ.

ಈ ಪದ್ಧತಿಯ ಜಾಣತನ ನೋಡಿ. ರಾಗಿಯ ಬೇರು ಮೇಲ್ಮಣ್ಣಿನಲ್ಲಿ ಹರಡಿದರೆ ತೊಗರಿಯದು ಆಳಕ್ಕೆ ಇಳಿಯುತ್ತದೆ. ಒಂದರ ನೀರಿಗೆ ಇನ್ನೊಂದು ಅಷ್ಟಾಗಿ ಬಾಯಿ ಹಾಕುವುದಿಲ್ಲ. ದ್ವಿದಳ ಧಾನ್ಯದ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿನ ಸಾರ ಉಳಿಸುತ್ತವೆ. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತದೆ. ರಾಗಿ ಕೊಯ್ದ ಮೇಲೂ ಅವರೆ ಹೊಲದಲ್ಲೇ ನಿಂತು, ಧನುರ್ಮಾಸದ ಇಬ್ಬನಿ ಕುಡಿದು ಸೊಗಡು ಕಟ್ಟಿಕೊಳ್ಳುತ್ತದೆ. ಮಳೆ ಹೆಚ್ಚುಕಡಿಮೆಯಾಗಿ ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತಿತ್ತು. ಹಾಗೆಂದು ಇದು ಮಂತ್ರದಂಡವೇನಲ್ಲ. 1876-78ರ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನದ ಲಕ್ಷಾಂತರ ಜನ ಸತ್ತರು.

ಮುಂದೆ ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಬೆರೆಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಎಷ್ಟೋ ಮನೆಗಳ ಕಣಜ ತುಂಬಿತು. ಆ ಉಪಕಾರ ಮರೆಯುವಂಥದ್ದಲ್ಲ. ಆದರೆ ಎಕರೆಗೆ ಎಷ್ಟು ಕ್ವಿಂಟಾಲ್ ರಾಗಿ ಎಂದಷ್ಟೇ ಎಣಿಸುವ ಲೆಕ್ಕದಲ್ಲಿ ಅಕ್ಕಡಿಗೆ ಜಾಗವಿರಲಿಲ್ಲ. ಸೇರು ಅವರೆ, ಪಾವು ಸಾಸಿವೆ ಮಂಡಿಗೆ ಹೋಗುತ್ತಿರಲಿಲ್ಲ; ನೇರವಾಗಿ ಅಡುಗೆಮನೆಯ ಮಡಕೆ ಸೇರುತ್ತಿದ್ದವು. ಬೀಜ ಆರಿಸಿ, ಬೂದಿ ಬೆರೆಸಿ ಮುಂದಿನ ವರ್ಷಕ್ಕೆ ಕಾದಿಡುತ್ತಿದ್ದವರು ಹೆಂಗಸರು. ಗಂಡಸಿನ ಮುಂದೆ ಕೈಚಾಚದೆ ಆಕೆ ಸಾರಿಗೆ ಇಡಬಹುದಾಗಿದ್ದ ಕಾಳು ಅದು. ಕೂಲಿ ದುಬಾರಿಯಾಗಿ ಹೊಲಗಳು ಒಂದೇ ಬೆಳೆಗೆ ತಿರುಗಿದಂತೆ, ಆ ಕಾಳು ಅಂಗಡಿಯಿಂದ ಬರತೊಡಗಿತು. ಅಂಗಡಿಗೆ ದುಡ್ಡು ಬೇಕು. ದುಡ್ಡು ಯಾರ ಜೇಬಿನಲ್ಲಿರುತ್ತದೆಂದು ನಮಗೆ ಹೇಳಿಕೊಡಬೇಕಾಗಿಲ್ಲ.

ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿರೆಂದು ಈಗ ಕೃಷಿ ವಿಜ್ಞಾನಿಗಳೇ ಹೇಳುತ್ತಾರೆ. ಸಂತೋಷ. ಆದರೆ ಹಿಂದಿನ ಸಾಲಿನಲ್ಲಿ ತೊಗರಿಯೊಂದೇ ಇರಲಿಲ್ಲ. ಯಾವ ಕಾಳಿನ ಪಕ್ಕ ಯಾವುದು, ಯಾವ ಮಳೆಗೆ ಎಷ್ಟು ಎಂಬುದು ಬಾಯಿಂದ ಬಾಯಿಗೆ ಬಂದ ವಿದ್ಯೆ. ಹಳ್ಳಿಯಲ್ಲಿ ನಿಮ್ಮ ಅಜ್ಜಿಯೋ ಅತ್ತೆಯೋ ಇದ್ದರೆ, ಮುಂದಿನ ಸಲ ಹೋದಾಗ ಒಂದು ನೋಟ್‌ಬುಕ್ ಒಯ್ಯಿರಿ. ಅವರು ಹೇಳಿದ್ದನ್ನು ಬರೆದುಕೊಳ್ಳಿ.